ಎಡಕ್ಕೆ ಸುತ್ತಿದ ತಂತಿ

ಮಾರ್ಚ್ 4, ಮಂಗಳವಾರ

ಮಧ್ಯಾಹ್ನ ಅಕ್ಕ ನನ್ನ ಅಂಗಡಿಗೆ ಬಂದಿದ್ದಳು. ಕೂರು ಅಂದರೆ ಕೂರಲಿಲ್ಲ. ಬಟ್ಟೆಚೀಲದಿಂದ ತನ್ನ ಹಳೇ ಫಜ್ ಪೆಡಲನ್ನು ತೆಗೆದು ಮೇಜಿನ ಮೇಲಿಟ್ಟು, "ಇದನ್ನ ಮಾರ್ತಿದೀನಿ. ಸದ್ದೇ ಬರ್ತಿಲ್ಲ, ನೋಡು" ಅಂದಳು.

ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲೆ ಕೂತು, ಕಾಲಲ್ಲಿ ಒತ್ತಿದರೆ ನಾದವನ್ನು ಗುಡುಗಿಸುವ ಡಬ್ಬಿ ಇದು. ನಮ್ಮ ಮನೆಯವರ ಭಾಷೆಯಲ್ಲಿ, "ಚೆನ್ನಾಗಿರೋ ಗಿಟಾರಿನ ಗಂಟಲು ಕೆಡಿಸೋ ಯಂತ್ರ." ಇಪ್ಪತ್ತೆರಡು ವರ್ಷದಿಂದ ಇಂಥ ಡಬ್ಬಿಗಳನ್ನೇ ರಿಪೇರಿ ಮಾಡುತ್ತಿದ್ದೇನೆ, ನನ್ನ ಗಂಡನಿಗೆ ಇನ್ನೂ ಅರ್ಥವಾಗಿರುವುದು ಅಷ್ಟೇ.

ಕೊಳ್ಳುವವರು ಅಕ್ಕ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಕಣ್ಣು ಪರೀಕ್ಷೆಗೆ ಬಂದವರಂತೆ. ಮಾತಿಗೆ ಮಾತು ಬೆಳೆದು ಈ ಪೆಡಲಿನ ವಿಷಯ ಬಂತಂತೆ. ಯಾರು ಅಂತ ಹೇಳುವ ಮೊದಲೇ ನನಗೆ ಗೊತ್ತಾಯಿತು. ಹಳೇ ಪೆಡಲ್ ಕೂಡಿಡುವ ಹುಚ್ಚಿನವರು, ಸ್ಕ್ರೂ ತಲೆಯ ಗೀರನ್ನೂ ಭೂತಗನ್ನಡಿ ಹಿಡಿದು ನೋಡುವವರು. ನಮ್ಮ ಕಸುಬಿನವರೆಲ್ಲ ಅವರನ್ನು ಕರೆಯುವುದೇ ಭೂತಗನ್ನಡಿ ಸಾಹೇಬರು ಅಂತ. ಅವರಿಗೆ ಪೆಡಲ್ ಕೆಲಸ ಮಾಡಬೇಕು, ಆದರೆ ಒಳಗೆ ಯಾರೂ ಕೈ ಹಾಕಿರಬಾರದು. ಹೊಳೆ ದಾಟಬೇಕು, ಕಾಲು ಒದ್ದೆಯಾಗಬಾರದು. ಜೊತೆಗೆ ಒಳಗಿನದೆಲ್ಲ ಹುಟ್ಟಿದಾಗ ಇದ್ದ ಹಾಗೇ ಇದೆ ಅಂತ ನನ್ನ ಸಹಿ ಇರುವ ಪತ್ರ ಬೇಕು. "ನಿಮ್ಮ ತಂಗಿ ಬರೆದುಕೊಟ್ಟರೆ ಸಾಕು, ಇನ್ನೊಂದು ಸಾಕ್ಷಿ ಬೇಡ" ಅಂದರಂತೆ. ಕೇಳಿ ಒಳಗೊಳಗೇ ಬೀಗಿದೆ. ಇಪ್ಪತ್ತೆಂಟಕ್ಕೆ ಇಲ್ಲಿಗೇ ಬರುತ್ತಾರೆ.

"ಯಾಕಕ್ಕಾ ಮಾರೋದು?" ಅಂದೆ.

"ಕಪಾಟು ತೆಗೆದಾಗೆಲ್ಲ ಕಣ್ಣಿಗೆ ಬೀಳತ್ತೆ. ಸಾಕಾಗಿದೆ."

ಅವಳು ಗಿಟಾರ್ ಬಿಟ್ಟು ಮೂವತ್ತೊಂದು ವರ್ಷ. ಪೆಡಲನ್ನು ಇವತ್ತು ಬಿಚ್ಚಲಿಲ್ಲ. ನಾಳೆ ನೋಡೋಣ.

ಮಾರ್ಚ್ 6, ಗುರುವಾರ

ಬಿಚ್ಚಿಲ್ಲ. ಬೆಳಿಗ್ಗೆಯೆಲ್ಲ ಸ್ಕ್ರೂಗಳನ್ನು ಅಳತೆವಾರು ಜೋಡಿಸಿದೆ. ಅವು ಮೊದಲೇ ಅಳತೆವಾರು ಇದ್ದವು. ಹೊಸ ಕಟರ್ ನನ್ನ ಎಡಗೈಗೆ ಒಗ್ಗುತ್ತಿಲ್ಲ, ವಾಪಸ್ ಕೊಡಬೇಕು.

ಕೆಮಿಸ್ಟ್ರಿ ಮೇಷ್ಟ್ರು ತಮ್ಮ ಪೆಡಲ್ ತಂದಿದ್ದರು. ನನಗಿಂತ ಹಳೇ ಡಬ್ಬಿ. ತಾವೇ ರಿಪೇರಿಗೆ ಕೂತು ಒಳಗೆ ಅಂಟು ಸುರಿದಿದ್ದಾರೆ, ಮೂರು ಬಿಡಿಭಾಗ ಕಿತ್ತು ಹೊಸದು ಹಾಕಿದ್ದಾರೆ, ಸಾಲದ್ದಕ್ಕೆ ಪಕ್ಕದಲ್ಲಿ ದೀಪಕ್ಕೆ ಅಂತ ತೂತು ಕೊರೆದಿದ್ದಾರೆ.

"ಹಳೇವು ಎಲ್ಲಿ ಸಾರ್?"

"ಅವು... ಕಸಕ್ಕೆ ಹಾಕಿಬಿಟ್ಟೆ."

ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಕೈಗೆ ಬೆಸುಗೆ ಐರನ್ ಕೊಟ್ಟೋರು ಯಾರು? ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕೋದು ಕಳ್ಳತನಕ್ಕೆ ಸಮ" ಅಂದೆ. ನನ್ನ ನಿಯಮ ಮತ್ತೊಮ್ಮೆ ಒಪ್ಪಿಸಿದೆ. ತೂತು ಕೊರೆಯಬಾರದು. ಏನೇ ಬದಲಾಯಿಸಿದರೂ ಬೇಕೆಂದಾಗ ಮೊದಲಿನಂತೆ ಮಾಡಲು ಬರಬೇಕು. ಕಿತ್ತದ್ದನ್ನು ಪೊಟ್ಟಣ ಕಟ್ಟಿ, ಏನು ಮಾಡಿದೆ, ಯಾವತ್ತು ಮಾಡಿದೆ ಅಂತ ಚೀಟಿ ಬರೆದು ಡಬ್ಬಿಯೊಳಗೇ ಇಡಬೇಕು. "ನನ್ನ ಗುರುಗಳು ಕಲಿಸಿದ್ದು" ಅಂದೆ, ಎಲ್ಲರಿಗೂ ಹೇಳುವ ಹಾಗೆ. ಮೇಷ್ಟ್ರು ಪಾಸಾಗದ ಹುಡುಗನ ಮುಖ ಮಾಡಿಕೊಂಡು ಹೋದರು. ಹೋಗಲಿ. ಇಂಥವರಿಂದಲೇ ಒಳ್ಳೊಳ್ಳೆ ಡಬ್ಬಿಗಳು ಹಾಳಾಗುವುದು.

ಮಾರ್ಚ್ 10, ಸೋಮವಾರ

ಕೊನೆಗೂ ಅಕ್ಕನ ಪೆಡಲ್ ಬಿಚ್ಚಿದೆ. ಸ್ಕ್ರೂಗೆ ಗೀರು ಬೀಳದ ಹಾಗೆ ಕಾಗದ ಇಟ್ಟು ತಿರುಗಿಸಿದೆ. ಸದ್ದು ಬಾರದಿರಲು ಕಾರಣ ಬ್ಯಾಟರಿ ಕ್ಲಿಪ್ಪಿಗೆ ಹಿಡಿದ ಹಸಿರು ಕಿಲುಬು, ಅಷ್ಟೇ. ವಿನಿಗರ್ ಅದ್ದಿದ ಕಡ್ಡಿಯಲ್ಲಿ ಉಜ್ಜಿದೆ, ಜೀವ ಬಂತು. ಒಂದು ಭಾಗವನ್ನೂ ಬದಲಿಸುವ ಅಗತ್ಯ ಬೀಳಲಿಲ್ಲ.

ಆದರೆ ಸದ್ದು ಸರಿಯಿಲ್ಲ. ಈ ಜಾತಿಯ ಪೆಡಲ್ ಗುಡುಗುತ್ತಿರುವಾಗ ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಗುಡುಗು ಕರಗಿ ಗಂಟೆಯ ನಾದವಾಗಬೇಕು. ಅಕ್ಕ ಹೆಸರು ಮಾಡಿದ್ದೇ ಅದರಿಂದ. ಹಾಡಿನ ನಡುವೆ ಕಿರುಬೆರಳಲ್ಲಿ ಗುಂಡಿ ಇಳಿಸುತ್ತಿದ್ದಳು, ಸಭೆ ಉಸಿರು ಹಿಡಿಯುತ್ತಿತ್ತು. ಇದು ಇಳಿಸಿದರೂ ಕಣಜದ ಹಾಗೆ ಗುಂಯ್‌ಗುಡುತ್ತಿದೆ.

ತಿರುಗಿಸಿ ನೋಡಿದರೆ, ಎರಡು ಟ್ರಾನ್ಸಿಸ್ಟರುಗಳಲ್ಲಿ ಒಂದರ ಮೂರು ಕಾಲಿನ ಬೆಸುಗೆ ಮಿಕ್ಕವುಗಳಿಗಿಂತ ಹೊಸದು. ಮೇಲಿನ ನಂಬರನ್ನು ಉಜ್ಜಿ ಅಳಿಸಿದ್ದಾರೆ. ಯಾವನೋ ಪುಣ್ಯಾತ್ಮ ಒಳಗೆ ಹೊಕ್ಕು ಹಳೇ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರ್ ಕಿತ್ತು ಈಗಿನ ಸಿಲಿಕಾನಿನದು ಕೂರಿಸಿದ್ದಾನೆ. ಪೊಟ್ಟಣ ಇಲ್ಲ, ಚೀಟಿ ಇಲ್ಲ. ಅವನ ಕೈ ಸೇದಿಹೋಗ.

ಪತ್ರ ಹೇಗೆ ಬರೆಯಲಿ?

ಮಾರ್ಚ್ 11, ಮಂಗಳವಾರ

ಅಕ್ಕನಿಗೆ ಫೋನ್ ಮಾಡಿದೆ. "ಪೆಡಲನ್ನ ಯಾರಿಗಾದ್ರೂ ಕೊಟ್ಟಿದ್ಯಾ? ನಿಮ್ಮ ತಂಡದ ಡ್ರಮ್ಮರ್ ಇದ್ನಲ್ಲ, ಎಲ್ಲದಕ್ಕೂ ಮೂಗು ತೂರಿಸೋನು?"

"ಅವನಾ? ಅವನಿಗೆ ಬಲ್ಬ್ ಹಾಕೋಕೇ ಬರ್ತಿರ್ಲಿಲ್ಲ. ಯಾಕೆ?"

"ಸುಮ್ನೆ ಕೇಳ್ದೆ."

ಆಮೇಲೆ ಅವಳೇ ಹೇಳಿದಳು. "ನಿಂಗೆ ನೆನಪಿದ್ಯಾ, ಆ ದೊಡ್ಡ ಹಾಲ್‌ನಲ್ಲಿ ಕೊನೇ ಕಾರ್ಯಕ್ರಮ. ಮೂರು ಹಾಡಲ್ಲಿ ಮೂರು ಸಲವೂ ಗುಡುಗು ಇಳೀಲೇ ಇಲ್ಲ. ಹಾಡೋಳು ತಿರುಗಿ ನೋಡಿ ನಕ್ಕಳು. ಡಬ್ಬಿ ಅದೇ, ಗಿಟಾರ್ ಅದೇ. ಕೈಯೇ ಹೋಯ್ತು ಅಂತ ಆಗ್ಲೇ ಗೊತ್ತಾಯ್ತು. ಹೋಗ್ಲಿ ಬಿಡು, ಹಳೇ ಕತೆ."

ನಾನು ಹೋಗಲಿ ಬಿಡು ಅಂದೆ. ಫೋನ್ ಇಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಡ್ರಮ್ಮರನದೇ ಕೆಲಸ. ಬಲ್ಬ್ ಹಾಕಲು ಬಾರದವರೇ ಇಂಥದ್ದಕ್ಕೆ ಮುಂದಾಗುವುದು.

ಮಾರ್ಚ್ 13, ಗುರುವಾರ

ಬೆಸುಗೆಯನ್ನು ಲೆನ್ಸಿನಲ್ಲಿ ನೋಡಿದೆ. ಟ್ರಾನ್ಸಿಸ್ಟರಿನ ಕಾಲುಗಳನ್ನು ತಂತಿಗೆ ಎರಡೆರಡು ಸುತ್ತು ಸುತ್ತಿ ಆಮೇಲೆ ಬೆಸೆದಿದ್ದಾರೆ. ಮೂರೂ ಎಡಕ್ಕೆ ಸುತ್ತಿವೆ.

ಬಲಗೈಯವರು ಬಲಕ್ಕೆ ಸುತ್ತುತ್ತಾರೆ.

ಲೆನ್ಸ್ ಮುಚ್ಚಿಟ್ಟೆ. ಅಂಗಡಿ ಬೇಗ ಬಾಗಿಲು ಹಾಕಿದೆ.

ಮಾರ್ಚ್ 15, ಶನಿವಾರ

ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ನೆನಪಿನ ಮೇಲೆ ಬೇರೆ ಸಾಮಾನು ಪೇರಿಸಿಟ್ಟಿದ್ದೆ, ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳದೆ ಡ್ರಮ್ಮರನ ಹೆಗಲು ತೋರಿಸಿದೆ.

ನನಗೆ ಹದಿನೇಳು. ರೇಡಿಯೋ ರಿಪೇರಿ ತರಗತಿ ಸೇರಿ ನಾಲ್ಕು ತಿಂಗಳಾಗಿತ್ತು, ಜಗತ್ತಿನ ಬೆಸುಗೆಯೆಲ್ಲ ನನ್ನಿಂದಲೇ ನಿಂತಿದೆ ಅನ್ನುವ ಗತ್ತು. ಜರ್ಮೇನಿಯಂಗೆ ಸೆಕೆ ಆಗಿಬರುವುದಿಲ್ಲ. ಬಿಸಿಯಾದರೆ ಪೆಡಲ್ ಕೆಮ್ಮುತ್ತಿತ್ತು, ಒಮ್ಮೊಮ್ಮೆ ಸದ್ದೇ ನಿಲ್ಲುತ್ತಿತ್ತು. ಅಕ್ಕ ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಮಗುವಿಗೆ ಜ್ವರ ಬಂದವಳ ಹಾಗೆ ಮಡಿಲಲ್ಲಿಟ್ಟುಕೊಂಡು ವ್ಯಾನಿನಲ್ಲಿ ಕೂರುತ್ತಿದ್ದಳು. ತಂಡದವರು ನಗುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು. ಸಿಲಿಕಾನಿಗೆ ಸೆಕೆಯ ಗೊಡವೆ ಇಲ್ಲ ಅಂತ ತರಗತಿಯಲ್ಲಿ ಹೇಳಿದ ಮಾರನೇ ದಿನವೇ, ಅವಳು ಸ್ನಾನಕ್ಕೆ ಹೋದಾಗ, ಅದೇ ಗಾತ್ರದ ಲೋಹದ ಟೊಪ್ಪಿಯ ಸಿಲಿಕಾನ್ ಆರಿಸಿ, ಗೊತ್ತಾಗದಿರಲಿ ಅಂತ ನಂಬರ್ ಉಜ್ಜಿ ಹಾಕಿದೆ. ದೊಡ್ಡ ಹಾಲ್‌ನಲ್ಲಿ ಡಬ್ಬಿ ಕೆಮ್ಮದೇ ಹೋದಾಗ ಹೇಳೋಣ, ಅಕ್ಕ ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ.

ಡಬ್ಬಿ ಕೆಮ್ಮಲಿಲ್ಲ. ಇಳಿಯಲೂ ಇಲ್ಲ. ಮನೆಗೆ ಬಂದು ಅಕ್ಕ ಬೂಟು ಬಿಚ್ಚದೆ ಅಡುಗೆಮನೆ ನೆಲದ ಮೇಲೆ ಕೂತು ತನ್ನ ಬಲಗೈ ನೋಡಿಕೊಳ್ಳುತ್ತಿದ್ದಳು. ಹೇಳಲು ಹೋದವಳು ಬಾಗಿಲಿನಿಂದಲೇ ತಿರುಗಿ ಬಂದೆ. ನಾಳೆ ಹೇಳೋಣ, ನಾಳೆ ವಾಪಸ್ ಹಾಕೋಣ ಅಂದುಕೊಂಡೆ. ಅವಳು ಪೆಡಲನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಆಮೇಲೆ ಕನ್ನಡಕದ ಅಂಗಡಿ ಸೇರಿದಳು.

ಮೇಷ್ಟ್ರಿಗೆ ಕಳ್ಳತನ ಅಂದೆನಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಮಾರ್ಚ್ 18, ಮಂಗಳವಾರ

ಅವತ್ತು ಕಿತ್ತ ಜರ್ಮೇನಿಯಂಗಾಗಿ ನಾಲ್ಕು ದಿನದಿಂದ ಡಬ್ಬ ಡಬ್ಬ ಹುಡುಕುತ್ತಿದ್ದೇನೆ. ನಾನು ಏನನ್ನೂ ಎಸೆಯುವವಳಲ್ಲ, ಹಾಗಾಗಿ ಹುಡುಕಲು ಬಹಳ ಇದೆ. "ಈ ಮೇಜನ್ನ ಬೆಳಿಗ್ಗೆಯಿಂದ ಮೂರನೇ ಸಲ ಒರೆಸ್ತಿದೀಯ. ಏನು, ಅದಕ್ಕೂ ಸಹಿ ಹಾಕಿ ಮಾರ್ತೀಯಾ?" ಅಂದರು ಇವರು. ನಗಲಿಲ್ಲ.

ಸಂಜೆ ಸಿಕ್ಕಿತು. ತರಗತಿಯ ಕಾಲದ ತಗಡಿನ ಪೆಟ್ಟಿಗೆಯ ತಳದಲ್ಲಿ, ಕ್ಯಾಮೆರಾ ರೀಲಿನ ಪ್ಲಾಸ್ಟಿಕ್ ಡಬ್ಬಿಯೊಳಗೆ, ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೆ. ಜೊತೆಗೆ ನೋಟ್‌ಬುಕ್ಕಿನಿಂದ ಹರಿದ ಚೂರು: "ಅಕ್ಕಂದು. ವಾಪಸ್ ಹಾಕಬೇಕು." ನನ್ನದೇ ಗುಂಡು ಅಕ್ಷರ.

ಪೊಟ್ಟಣ ಕಟ್ಟುವುದನ್ನು ಗುರುಗಳು ಕಲಿಸಿದರು ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ. ಗುರುಗಳು ಸಿಕ್ಕಿದ್ದು ಇದಾಗಿ ಐದು ವರ್ಷಕ್ಕೆ. ನನ್ನ ಮೊದಲ ಪೊಟ್ಟಣ ಇದು. ಪೆಟ್ಟಿಗೆ ಮುಂದೆ ಕೂತು ಅತ್ತೆ.

ಮಾರ್ಚ್ 20, ಗುರುವಾರ

ಬೆಸೆಯಲಿಲ್ಲ. ಸಿಲಿಕಾನ್ ಬಿಚ್ಚಿ ಪಕ್ಕಕ್ಕಿಟ್ಟು, ಹಳೆಯದನ್ನು ಬರೀ ಕ್ಲಿಪ್ಪುಗಳಿಂದ ಕಚ್ಚಿಸಿ ನುಡಿಸಿದೆ. ನಾನು ಗಿಟಾರ್ ನುಡಿಸುವುದು ಕಾಗೆ ಸಂಗೀತ, ಆದರೂ ಗುಂಡಿ ಇಳಿಸಿದ್ದೇ ತಡ ಗುಡುಗು ಕರಗಿ ಗಂಟೆಯಾಯಿತು. ಮೂವತ್ತೊಂದು ವರ್ಷ ಹತ್ತಿಯಲ್ಲಿ ಮಲಗಿ ಎದ್ದ ತುಂಡಿಗೆ ಒಂದಿಷ್ಟೂ ಮುನಿಸಿಲ್ಲ.

ಈಗ ದಾರಿ ಸುಲಭ. ಹಳೇ ಸೀಸದಿಂದ ಬೆಸೆದು ಹೊಳಪು ಕುಂದಿಸಿದರೆ ಭೂತಗನ್ನಡಿಯ ಅಪ್ಪನಿಗೂ ತಿಳಿಯದು. ಪತ್ರವನ್ನೂ ಬರೆದೆ: "ಒಳಗಿನ ಎಲ್ಲ ಭಾಗಗಳೂ ಮೂಲದವೇ." ಅಕ್ಷರ ಅಕ್ಷರವೂ ನಿಜ. ಅಕ್ಕನಿಗೆ ಪೂರ್ತಿ ಬೆಲೆ ಸಿಗುತ್ತದೆ, ಡಬ್ಬಿ ಅವಳ ಕಪಾಟಿನಿಂದ ತೊಲಗುತ್ತದೆ, ಅವಳು ಹಳೇ ಕತೆ ಅನ್ನುತ್ತಾಳೆ, ನಾನು ಹೌದು ಅನ್ನುತ್ತೇನೆ.

ಸಹಿ ಹಾಕಲು ಪೆನ್ನು ಸಿಗಲಿಲ್ಲ. ಪೆನ್ನು ಕಿವಿಯ ಮೇಲೇ ಇತ್ತು.

ಮಾರ್ಚ್ 22, ಶನಿವಾರ

ಮೇಷ್ಟ್ರು ಪೆಡಲ್ ತೆಗೆದುಕೊಂಡು ಹೋಗಲು ಬಂದಿದ್ದರು. ಬಾಗಿಲಲ್ಲೇ ನಿಂತರು. ಅಂಟು ಬಿಡಿಸಿ ಸಾಧ್ಯವಾದಷ್ಟು ಸರಿ ಮಾಡಿದ್ದೆ, ತೂತಿಗೆ ಒಳಗಿನಿಂದ ರಬ್ಬರ್ ಬಿರಡೆ ಕೊಟ್ಟಿದ್ದೆ. "ನಂದು ತಪ್ಪಾಯ್ತಮ್ಮ. ಚೆನ್ನಾಗಿ ಕೇಳ್ಸ್ಲಿ ಅಂತ ಆಸೆಯಿಂದ ಮಾಡ್ದೆ" ಅಂದರು. "ಆಸೆಯಿಂದಲೇ ಮಾಡೋದು ಸಾರ್, ಎಲ್ರೂ" ಅಂದೆ. ಅಂಗಡಿಯ ಖಾಲಿ ಪೊಟ್ಟಣ ಹತ್ತು ಕೊಟ್ಟೆ, ಮುಂದಿನ ಸಲಕ್ಕೆ ಇರಲಿ ಅಂತ. ಕೂರಿಸಿ ಟೀ ಕೊಟ್ಟೆ. ಅವರು ನನ್ನ ಮುಖವನ್ನೇ ಯಾಕೆ ನೋಡುತ್ತಿದ್ದರೋ.

ಅಕ್ಕನಿಗೆ ಫೋನ್ ಮಾಡಿ ನಾಳೆ ಬಾ ಅಂದೆ.

ಮಾರ್ಚ್ 23, ಭಾನುವಾರ

ಅಕ್ಕ ಬಂದಳು. ನಾನು ಸಿಲಿಕಾನ್, ಹಳೇ ಜರ್ಮೇನಿಯಂ ಎರಡನ್ನೂ ಕ್ಲಿಪ್ಪಿಗೆ ಹಾಕಿ, ನಡುವೆ ಒಂದು ಸ್ವಿಚ್ ಇಟ್ಟು, ಗಿಟಾರ್ ಚಾಚಿದೆ.

"ನಂಗೆ ಬರಲ್ಲ ಕಣೇ. ಬೆರಳೆಲ್ಲ ಮೆತ್ತಗಾಗಿದೆ."

"ಒಂದೇ ತಂತಿ ಮೀಟು. ಗುಂಡಿ ಇಳಿಸು. ಅಷ್ಟೇ."

ಅವಳು ದಿನವಿಡೀ ಗಿರಾಕಿಗಳಿಗೆ ಗಾಜು ಬದಲಿಸಿ ಬದಲಿಸಿ ಕೇಳುವ ಪ್ರಶ್ನೆಯನ್ನೇ ನಾನು ಕೇಳಿದೆ. "ಇದರಲ್ಲಿ ಚೆನ್ನಾಗಿದ್ಯಾ?" ಸ್ವಿಚ್ ಒತ್ತಿದೆ. "ಇದರಲ್ಲಾ?"

ಮೊದಲನೆಯದಕ್ಕೆ ಅವಳ ಮುಖ ಗಂಟಿಕ್ಕಿತು. ಎರಡನೆಯದಕ್ಕೆ ಗುಡುಗಿಸಿ ಕಿರುಬೆರಳು ಇಳಿಸಿದಳು. ಕಣ್ಣು ಮುಚ್ಚಿದಳು. ಇನ್ನೊಮ್ಮೆ ಮೀಟಿದಳು, ಇನ್ನೊಮ್ಮೆ.

"ಇದು," ಅಂದಳು. "ಏನು ಮಾಡ್ದೆ?"

ಹೇಳಿದೆ. ಸ್ನಾನದ ಮನೆಯಿಂದ ಹಿಡಿದು ಕ್ಯಾಮೆರಾ ರೀಲಿನ ಡಬ್ಬಿಯವರೆಗೆ, ಒಂದನ್ನೂ ಬಿಡದೆ, ಅವಳ ಮುಖ ನೋಡದೆ.

ಅಕ್ಕ ತನ್ನ ಬಲಗೈಯನ್ನು ಮಗುಚಿ ಮಗುಚಿ ನೋಡಿದಳು. "ಹಾಗಾದ್ರೆ ನನ್ನ ಕೈ ಅಲ್ಲ."

"ಅಲ್ಲ ಅಕ್ಕಾ."

"ಒಂದೇ ಮನೇಲಿ ಇದ್ವಿ. ಒಂದೇ ಮೇಜಲ್ಲಿ ಊಟ ಮಾಡ್ತಿದ್ವಿ. ಒಂದು ದಿನ ಹೇಳ್ಬಹುದಿತ್ತು."

"ಹೆದರಿದೆ."

"ಮೂವತ್ತೊಂದು ವರ್ಷವೂನಾ?"

ಅವಳು ಗಿಟಾರನ್ನು ಗೋಡೆಗೆ ಒರಗಿಸಿ ಹೊರಟುಹೋದಳು. ಪೆಡಲನ್ನು ಮುಟ್ಟಲಿಲ್ಲ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ದಢಾರನೆ ಬಡಿದಿದ್ದರೆ ಚೆನ್ನಾಗಿತ್ತು.

ಹಳೆಯದನ್ನು ಬೆಸೆದೆ. ಎಡಕ್ಕೇ ಸುತ್ತಿದೆ. ಹೊಳಪು ಕುಂದಿಸಲಿಲ್ಲ. ಮೊದಲು ಬರೆದ ಪತ್ರ ಹರಿದು, ಅವತ್ತು ಬರೆಯಬೇಕಾಗಿದ್ದ ಚೀಟಿಯನ್ನು ಇವತ್ತು ಬರೆದು, ಸಿಲಿಕಾನಿನ ಪೊಟ್ಟಣದ ಜೊತೆ ಡಬ್ಬಿಯೊಳಗಿಟ್ಟು ಮುಚ್ಚಿದೆ.

ಮಾರ್ಚ್ 25, ಮಂಗಳವಾರ

ಫೋನ್ ಇಲ್ಲ. ಮಾಡಿದ್ದುಣ್ಣೋ ಮಹರಾಯ.

ಮಾರ್ಚ್ 28, ಶುಕ್ರವಾರ

ಭೂತಗನ್ನಡಿ ಸಾಹೇಬರು ಹತ್ತಕ್ಕೆ ಸರಿಯಾಗಿ ಬಂದರು. ಅಕ್ಕ ಬರುವುದಿಲ್ಲ ಅಂದುಕೊಂಡಿದ್ದೆ, ಬಂದಳು. ನನ್ನ ಕಡೆ ನೋಡದೆ ಕುರ್ಚಿ ಎಳೆದು ಕೂತಳು.

ಸಾಹೇಬರು ಸ್ಕ್ರೂ ತಲೆಗಳನ್ನು ನೋಡಿ ತಲೆದೂಗಿದರು. ಬಣ್ಣ ನೋಡಿ ತಲೆದೂಗಿದರು. ಮುಚ್ಚಳ ತೆಗೆದು ಚೀಟಿ ಬಿಡಿಸಿ, ಭೂತಗನ್ನಡಿ ಹಿಡಿದು ಗಟ್ಟಿಯಾಗಿ ಓದಿದರು:

"ಮೂವತ್ತೊಂದು ವರ್ಷದ ಹಿಂದೆ, ಮೇ. ಒಂದು ಟ್ರಾನ್ಸಿಸ್ಟರ್ ಬದಲಿಸಿದ್ದೇನೆ. ಸೆಕೆಗೆ ಕೆಮ್ಮದಿರಲಿ ಅಂತ. ಒಡತಿಯನ್ನು ಕೇಳಲಿಲ್ಲ. ಆಮೇಲೂ ಹೇಳಲಿಲ್ಲ. ಈ ಮಾರ್ಚ್‌ನಲ್ಲಿ ಮೂಲದ್ದನ್ನೇ ವಾಪಸ್ ಹಾಕಿದ್ದೇನೆ. ಆ ಕಾರ್ಯಕ್ರಮದಲ್ಲಿ ಸದ್ದು ಕೆಟ್ಟದ್ದು ನುಡಿಸಿದವಳ ಕೈಯಿಂದಲ್ಲ, ರಿಪೇರಿಯವಳ ಕೈಯಿಂದ. — ತಂಗಿ."

ಅಕ್ಕ ಕಿಟಕಿ ಕಡೆ ತಿರುಗಿದಳು.

ಸಾಹೇಬರು ಗಂಟಲು ಸರಿಮಾಡಿಕೊಂಡರು. "ನೋಡಿ, ಭಾಗಗಳೆಲ್ಲ ಮೂಲದವೇ ಅನ್ನೋದು ಸಂತೋಷ. ಆದ್ರೆ ಈ ಚೀಟಿ ಇದ್ರೆ ಬೆಲೆ ಅರ್ಧಕ್ಕೆ ಬರತ್ತೆ. ಇದನ್ನ ತೆಗೆದುಬಿಟ್ರೆ, ನಮ್ಮ ಮೂವರನ್ನ ಬಿಟ್ಟು ಯಾರಿಗೂ..."

"ಚೀಟಿ ತೆಗೆಯೋ ಹಾಗಿಲ್ಲ," ಅಂದಳು ಅಕ್ಕ.

"ಅರ್ಧ ಬೆಲೆ ಆಗತ್ತಮ್ಮ."

"ಮಾರ್ತಾ ಇಲ್ಲ. ನಿಮ್ಮ ಕನ್ನಡಕ ಮಂಗಳವಾರ ರೆಡಿ ಇರತ್ತೆ, ಬಂದು ತಗೊಳ್ಳಿ."

ಅವರು ಹೋದ ಮೇಲೆ ಅಕ್ಕ ಚೀಟಿಯನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಒಳಗಿಟ್ಟು, ಸ್ಕ್ರೂ ತಾನೇ ಬಿಗಿ ಮಾಡಿದಳು. ಕಾಗದ ಇಡದೆ ತಿರುಗಿಸಿ ಒಂದಕ್ಕೆ ಗೀರು ಬಿತ್ತು. ನಾನು ಬಾಯಿ ಬಿಡಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಗೋಡೆಗೆ ಒರಗಿದ್ದ ನನ್ನ ಗಿಟಾರನ್ನೂ ಎತ್ತಿಕೊಂಡು ಹೋದಳು. ಕೇಳಲಿಲ್ಲ, ಹೇಳಲೂ ಇಲ್ಲ.

ಏಪ್ರಿಲ್ 9, ಬುಧವಾರ

ಎಂಥ ಸೆಕೆ. ಅಂಗಡಿಯ ತಗಡಿನ ಮಾಡು ಕಾದ ಹೆಂಚಾಗಿದೆ. ಮಧ್ಯಾಹ್ನ ಫೋನ್ ಬಂತು.

"ಡಬ್ಬಿ ಕೆಮ್ತಿದೆ ಕಣೇ."

ಅವಳು ನನಗೆ ಕಣೇ ಅಂದು ಹದಿನೇಳು ದಿನವಾಗಿತ್ತು. "ತಗೊಂಡು ಬಾ ಅಕ್ಕಾ," ಅಂದೆ. "ಅದಕ್ಕೊಂದು ಸಣ್ಣ ಉಪಾಯ ಇದೆ. ಏನೂ ಕೊರೆಯೋದು ಬೇಡ, ಬೇಡ ಅನ್ಸಿದ್ರೆ ತೆಗೆದುಬಿಡಬಹುದು, ಹತ್ತೇ ನಿಮಿಷ..."

"ಮುಟ್ಟಬೇಡ," ಅಂದಳು. "ಒದ್ದೆ ಬಟ್ಟೆ ಸುತ್ತಿದೀನಿ."

ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಕಟ್ ಮಾಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಗುಡುಗು ಶುರುವಾಯಿತು. ಇಳಿಸಲು ಹೋಗಿ ಬೆರಳು ತಪ್ಪಿತು. ಇನ್ನೊಮ್ಮೆ ತಪ್ಪಿತು. ಮೂರನೇ ಸಲ ಇಳಿಯಿತು. ನಾನು ಬೆಸುಗೆ ಐರನ್ ಆರಿಸಿ, ಫೋನನ್ನು ಕಿವಿಗೊತ್ತಿಕೊಂಡು, ಅವಳು ನಿಲ್ಲಿಸುವವರೆಗೂ ಕೂತೇ ಇದ್ದೆ.